ಐತಪ್ಪಣ್ಣನ ಹಲಸಿನ ಪಟ್ಟಿ

ಕಳೆದ ಶುಕ್ರವಾರ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಹರೈನಿನ ಹೂರಾ ಪೇಟೆಗೆ ಹೋಗಿದ್ದೆ. ದರ್ಜಿ ಹೊಲಿಗೆ ಯಂತ್ರವನ್ನು ಹಿಂದಕ್ಕೆ ಮಗುಚಿ ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಳತೆ ಕೊಡುವುದನ್ನು ಬಿಟ್ಟು ಹೊರಗೆ ಬಂದು ನಿಂತೆ. ಪಕ್ಕದ ಅಂಗಡಿಯ ಬಾಗಿಲ ತುಂಬ ಈಗ ಮೊಬೈಲಿನ ಕವರುಗಳು ತೂಗುತ್ತಿವೆ. ಹನ್ನೊಂದು ವರ್ಷದ ಹಿಂದೆ ಅದೇ ಬಾಗಿಲ ಒಳಗೆ ಬೇಟೆಯ ಕೋವಿಗಳಿದ್ದವು, ಆ ಕೋವಿಗಳಿಗೆ ಹಾಕುವ ತೋಟೆಗಳಿದ್ದವು, ತೋಟೆಯನ್ನು ಹೆಬ್ಬೆರಳಿನಲ್ಲಿ ಸವರಿ ಅದರ ಜಾತಿ ಹೇಳುವ ಐತಪ್ಪಣ್ಣ ಇದ್ದರು. ಅವರ ಅನ್ನಕ್ಕೆ ಕಲ್ಲು ಹಾಕಿದ ನಾನೂ ಇದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ನನ್ನ ಮೇಲೆ ಕನಿಕರ ಇಟ್ಟುಕೊಂಡು ಕೊನೆಯವರೆಗೆ ಬರುವುದು ಬೇಡ.

ಬಹರೈನಿನಲ್ಲಿ ರೈಫಲ್ ಹಿಡಿದು ಬೇಟೆಯಾಡುವಂಥದ್ದು ಏನೂ ಇಲ್ಲ. ಬೇಲಿ ಹಾಕಿ ಕಾಯುವ ಜಿಂಕೆಗಳನ್ನು ಬಿಟ್ಟರೆ ಉಳಿದದ್ದು ಹೂರಾದ ಕಸದ ತೊಟ್ಟಿಗಳ ಮೇಲಿನ ಬೆಕ್ಕುಗಳು. ಆದರೂ ಅಂಗಡಿ ಇತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಚಳಿಗಾಲ ಬಂತೆಂದರೆ ಅನುಕೂಲಸ್ಥರು ವಿಮಾನ ಹತ್ತಿ ಆಫ್ರಿಕಾದ ಹುಲ್ಲುಗಾವಲಿಗೋ ಮಧ್ಯ ಏಷ್ಯಾದ ಬೆಟ್ಟಗಳಿಗೋ ಹೋಗಿ, ಅಲ್ಲಿ ಹೊಡೆದು, ಮೀಸೆ ತಿರುವಿ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಅವರ ರೈಫಲ್ಲುಗಳು ವರ್ಷವಿಡೀ ಅಂಗಡಿಯ ಹಿಂಭಾಗದ ಉಕ್ಕಿನ ಕೋಣೆಯಲ್ಲಿ ಇರುತ್ತಿದ್ದವು. ಹೋಗುವಾಗ ನಾವು ಕಟ್ಟಿಕೊಡಬೇಕು, ಬಂದ ಮೇಲೆ ಒರೆಸಿ ಎಣ್ಣೆ ಹಚ್ಚಿ ಒಳಗಿಡಬೇಕು. ಮಿಕ್ಕಿದ ತೋಟೆಗಳನ್ನೂ ಮನೆಗೆ ಒಯ್ಯದೆ ನಮಗೇ ಒಪ್ಪಿಸಬೇಕೆಂಬುದು ಅಂಗಡಿಯ ಕಟ್ಟುಪಾಡು. ಆ ಮಿಕ್ಕಿದ ತೋಟೆಗಳ ಮಾತು ನೆನಪಿರಲಿ.

ನಾನು ಅಲ್ಲಿಗೆ ಸೇರಿದ್ದು ಒಂದು ಅಕ್ಟೋಬರಿನಲ್ಲಿ. ಬೆಳಗ್ಗೆ ಅಂಗಿ ಹಾಕಿದ ಕೂಡಲೇ ಬೆನ್ನಿಗೆ ಅಂಟಿಸುವ ಸೆಕೆ ಆಗ ತಾನೇ ಇಳಿಯುತ್ತಿತ್ತು. ಪುತ್ತೂರಿನಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಬಿಲ್ಲು ಬರೆದು ಸಾಕಾದಾಗ, ನಮ್ಮ ಮನೆಯಿಂದ ಮೂರನೆಯ ಮನೆಯ ಐತಪ್ಪಣ್ಣ ರಜೆಯಲ್ಲಿ ಬಂದಿದ್ದರು. "ಇಂಗ್ಲಿಷ್ ಓದುವ ಒಬ್ಬ ಜನ ಬೇಕು ಅಂತ ನಮ್ಮ ಅರ್ಬಾಬ್ ಹೇಳ್ತಿದ್ರು. ಬರ್ತೀಯಾ ಸದಾಶಿವ?" ಎಂದು ಕೇಳಿದರು. ಅರ್ಬಾಬ್ ಎಂದರೆ ಅಂಗಡಿಯ ಯಜಮಾನರು. ನನ್ನ ವೀಸಾದ ಕಾಗದಕ್ಕೆ ಓಡಾಡಿದವರು ಐತಪ್ಪಣ್ಣ, ವಿಮಾನ ನಿಲ್ದಾಣಕ್ಕೆ ಬಂದು ಕಾದವರು ಐತಪ್ಪಣ್ಣ, ಮೊದಲ ದಿನ ತಮ್ಮ ತಟ್ಟೆಯ ಕುಚ್ಚಲಕ್ಕಿ ಅನ್ನದಲ್ಲಿ ಅರ್ಧ ನನಗೆ ಬಡಿಸಿದವರೂ ಅವರೇ. ಉಪಕಾರದ ಪಟ್ಟಿ ಮಾಡುವುದು ಉಪಕಾರ ಮಾಡಿದವರಿಗೆ ಒಪ್ಪುವುದಿಲ್ಲ. ಪಡೆದವನು ಮಾಡಬಹುದು, ಅದಕ್ಕೇ ಬರೆದೆ.

ಐತಪ್ಪಣ್ಣ ಓದಿದ್ದು ನಾಲ್ಕನೆಯ ಕ್ಲಾಸು. ಕನ್ನಡ ಬರುತ್ತಿತ್ತು, ಇಂಗ್ಲಿಷಿನ ಎ ಕೂಡ ಬರುತ್ತಿರಲಿಲ್ಲ. ಊರಿನಲ್ಲಿದ್ದಾಗ ಸುಳ್ಯದ ಕಡೆಯ ಒಬ್ಬ ಆಚಾರಿಯ ಬಳಿ ಲೈಸನ್ಸಿನ ಕೋವಿಗಳ ದುರಸ್ತಿ ಕಲಿತವರು. ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ, ಅಷ್ಟೇ ಅವರ ಲೋಕ. ಬಹರೈನಿಗೆ ಬಂದದ್ದು ಬಡಗಿಯಾಗಿ. ಯಜಮಾನರ ಮನೆಯ ಬಾಗಿಲು ಸರಿಮಾಡಲು ಹೋದವರು ಅಲ್ಲಿದ್ದ ಒಡೆದ ರೈಫಲ್ ಹಿಡಿಯನ್ನು ಕಂಡು, ಕೇಳಿ ಇಸಿದುಕೊಂಡು, ಒಡೆದದ್ದೇ ಗೊತ್ತಾಗದಂತೆ ಕೂಡಿಸಿಕೊಟ್ಟರಂತೆ. ಅಂದಿನಿಂದ ಹತ್ತೊಂಬತ್ತು ವರ್ಷ ಅವರು ಹೂರಾದ ಅಂಗಡಿಯಲ್ಲಿ. ಸರಕಾರಿ ಇಲಾಖೆಯ ಪರವಾನಗಿಯಲ್ಲಿ ತೋಟೆ ಗಿರಾಕಿಗೆ ಒಪ್ಪಿಸಲು ಹೆಸರಿದ್ದದ್ದು ಅವರೊಬ್ಬರದೇ. ಕಟ್ಟಿದ ಪ್ರತಿ ಪೆಟ್ಟಿಗೆಯ ಚೀಟಿಗೂ ಅವರು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ 'ಐತಪ್ಪ' ಎಂದು ಬರೆಯಬೇಕು. ಆ ಮೂರಕ್ಷರ ಇಲ್ಲದೆ ಒಂದು ತೋಟೆಯೂ ಹೊರಗೆ ಹೋಗುತ್ತಿರಲಿಲ್ಲ.

ತೋಟೆಗಳ ಜಾತಿಯೋ, ಕೇಳಬೇಡಿ. ಕ್ಯಾಲಿಬರ್ ಅಂದರೆ ನಳಿಗೆಯ ತೂತಿನ ಅಗಲ, ಅಷ್ಟೇ ಅಂದುಕೊಂಡಿದ್ದೆ. ಇಂಚಿನ ನೂರು ಪಾಲಿನಲ್ಲಿ ಇಪ್ಪತ್ತೆರಡು ಪಾಲಿನ ಬೆರಳುಗುರಿನಂಥ ಪುಟ್ಟ ತೋಟೆಯಿಂದ ಶುರುವಾಗಿ ಟೂ ಫಾರ್ಟಿಥ್ರೀ, ಟೂ ಸೆವೆಂಟಿ, ಏಳು ಮಿಲಿಮೀಟರಿನಲ್ಲೇ ನಾಲ್ಕು ಬಗೆ, ಮೂವತ್ತರಲ್ಲಿ ಮತ್ತೊಂದು ಹಿಂಡು, ಕೊನೆಗೆ ಕಾಡುಕೋಣ ಬೀಳಿಸುವ ಥ್ರೀ ಸೆವೆಂಟಿಫೈವ್. ಒಂದೇ ಅಗಲದ ಗುಂಡಿಗೆ ಗಿಡ್ಡ ಕವಚ, ಉದ್ದ ಕವಚ, ಹೊಟ್ಟೆ ದಪ್ಪದ ಕವಚ. ಗಿರಾಕಿಗಳು ಗಾವಾ ಎಂಬ ಅರಬ್ಬಿ ಕಾಫಿ ಕುಡಿಯುತ್ತ ಗಂಟೆಗಟ್ಟಲೆ ಕಾದಾಡುತ್ತಿದ್ದರು. ಒಬ್ಬನಿಗೆ ಟೂ ಸೆವೆಂಟಿಯೇ ದೇವರು, ಇನ್ನೊಬ್ಬನಿಗೆ ಏಳು ಮಿಲಿಮೀಟರಿನ ಮ್ಯಾಗ್ನಮ್ ಇಲ್ಲದಿದ್ದರೆ ನಿದ್ದೆ ಬಾರದು. ಹೊಡೆಯುವುದು ವರ್ಷಕ್ಕೊಂದು ಆಡು, ಅದನ್ನು ಹುಡುಕಿ, ತೋರಿಸಿ, ಕೊನೆಗೆ ಹೊತ್ತು ತರುವವರೂ ಬೇರೆಯವರು. ಅದಕ್ಕೆ ಇಷ್ಟೊಂದು ಪಂಚಾಯಿತಿಕೆ. ಮೊದಲ ತಿಂಗಳು ನಾನು ಆ ಅಂಕಿಗಳನ್ನು ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿದೆ, ಮಾಡಿ ಬೀಗಿದೆ.

ಐತಪ್ಪಣ್ಣನಿಗೆ ಅಂಕಿಗಳ ಹಂಗಿರಲಿಲ್ಲ. ಅವರ ಬಳಿ ಒಂದು ಹಲಸಿನ ಮರದ ಪಟ್ಟಿ ಇತ್ತು, ಮೊಳದುದ್ದ, ಎರಡು ಬೆರಳಗಲ. ಊರಿನಿಂದ ಬಾಗಿಲಿನ ಹಳೇ ದಾರಂದದ ತುಂಡು ತಂದು ತಾವೇ ಕೆತ್ತಿದ್ದು. ಅದರಲ್ಲಿ ಸಾಲಾಗಿ ತೋಡುಗಳು, ಒಂದೊಂದು ಜಾತಿಯ ತೋಟೆಗೆ ಒಂದೊಂದು. ಸರಿಯಾದ ತೋಟೆ ಅದರಲ್ಲಿ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂರುತ್ತಿತ್ತು. ಬೇರೆಯದಾದರೆ ಮುಂದೆ ಜಾಗ ಉಳಿಯುತ್ತದೆ, ಇಲ್ಲವೇ ಮೂತಿ ಹೊರಗೆ ಬರುತ್ತದೆ. ಪ್ರತಿ ತೋಡಿನ ಪಕ್ಕ ನಮ್ಮ ಕಾಡಿನ ಒಂದು ಪ್ರಾಣಿಯ ಗುರುತು. ಇಪ್ಪತ್ತೆರಡಕ್ಕೆ ಮೊಲದ ಕಿವಿ, ಟೂ ಫಾರ್ಟಿಥ್ರೀಗೆ ಬರಿಂಕ ಎಂಬ ಪುಟ್ಟ ಜಿಂಕೆ, ಥ್ರೀ ನಾಟ್ ಎಯ್ಟ್‌ಗೆ ಹಂದಿಯ ಕೋರೆ, ಥರ್ಟಿ ನಾಟ್ ಸಿಕ್ಸ್‌ಗೆ ಕಡವೆಯ ಕೊಂಬು, ಎಲ್ಲಕ್ಕಿಂತ ದೊಡ್ಡದಕ್ಕೆ ಕಾಟಿ, ಅಂದರೆ ಕಾಡುಕೋಣ. ಹಂದಿ, ಕಡವೆ ಎರಡೂ ಮೂವತ್ತರ ಅಗಲದ ಗುಂಡುಗಳೇ. ಕವಚದ ಉದ್ದದಲ್ಲಿ ಮಾತ್ರ ಕಿರುಬೆರಳಗಲದ ವ್ಯತ್ಯಾಸ.

"ಮುಸ್ಲಿಮರ ಅಂಗಡಿಯಲ್ಲಿ ಹಂದಿ ಕೆತ್ತಿದ್ದೀರಲ್ಲ ಐತಪ್ಪಣ್ಣ, ಯಾರಾದ್ರೂ ಕೇಳಿದ್ರೆ?" ಎಂದು ನಾನು ಒಮ್ಮೆ ಛೇಡಿಸಿದೆ.

"ಕೇಳಿದ್ದಾರೆ ಮಾರಾಯ. ಬಕ್ರಾ ಅಂತ ಹೇಳಿದ್ದೇನೆ. ಹಲ್ಲು ಸ್ವಲ್ಪ ಉದ್ದ ಆಯ್ತು ಅಂತ ನಗಾಡಿದ್ರು," ಎಂದು ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಪಟ್ಟಿಯನ್ನು ನನ್ನ ಕೈಯಲ್ಲಿಟ್ಟರು. "ನೋಡು, ಓದ್ಲಿಕ್ಕೆ ಬರ್ತದೆ ಅಂತ ಅಳತೆ ಬಿಡ್ಬೇಡ. ಪೆಟ್ಟಿಗೆಯ ಮೇಲೆ ಬರೆದದ್ದು ಪೆಟ್ಟಿಗೆಯ ಹೆಸರು. ಒಳಗಿನದ್ದರ ಹೆಸರು ಒಳಗಿನದ್ದೇ ಹೇಳ್ಬೇಕು. ಪ್ರತಿ ಪೆಟ್ಟಿಗೆ ತೆಗಿ, ಒಂದು ತೋಟೆ ಮಲಗಿಸಿ ನೋಡು, ಮತ್ತೆ ಕಟ್ಟು."

ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಪೆಟ್ಟಿಗೆಯ ಮೇಲೆ ಅಷ್ಟು ದೊಡ್ಡದಾಗಿ ಅಚ್ಚು ಹಾಕಿರುವಾಗ ಇದೆಂಥ ಹಳ್ಳಿ ಚಾಳಿ ಅಂದುಕೊಂಡೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಶಾಲೆಯ ಗೋಡೆಯ ಮೇಲೆ ಬರೆದಿದ್ದರು. ನಾನು ಆ ಒಕ್ಕಾಲನ್ನೇ ಹಿಡಿದು ಬಹರೈನಿಗೆ ಬಂದವನು.

ನವೆಂಬರಿನಲ್ಲಿ ಅಬು ಯೂಸುಫ್ ಬಂದರು. ಮುಹರಕ್ ಕಡೆಯ ಮುದುಕರು, ಎಪ್ಪತ್ತು ದಾಟಿತ್ತು. ಉಳಿದ ಗಿರಾಕಿಗಳ ಹಾಗೆ ವರ್ಷಕ್ಕೊಂದು ಹೊಸ ಕ್ಯಾಲಿಬರಿನ ಹಿಂದೆ ಓಡಿದವರಲ್ಲ. ಅವರದು ಒಂದೇ ರೈಫಲ್, ಹಳೆಯ ಥರ್ಟಿ ನಾಟ್ ಸಿಕ್ಸ್, ಅಕ್ರೋಟದ ಮರದ ಹಿಡಿ. ಆ ಹಿಡಿಗೆ ಹತ್ತೊಂಬತ್ತು ವರ್ಷದಿಂದ ಎಣ್ಣೆ ತಿಕ್ಕಿದವರು ಐತಪ್ಪಣ್ಣ. ಇಬ್ಬರೂ ಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದರು, ನಡುನಡುವೆ ಮುದುಕರ ಅರಬ್ಬಿ, ಐತಪ್ಪಣ್ಣನ "ಬಾಸ್, ಬಾಸ್". ಬರುವಾಗಲೆಲ್ಲ ಮುದುಕರು ಒಂದು ಡಬ್ಬ ಖರ್ಜೂರ ತಂದು ಐತಪ್ಪಣ್ಣನ ಕೈಗೇ ಕೊಡುತ್ತಿದ್ದರು.

"ಐತಾಬ್, ಯೇ ಲಾಸ್ಟ್. ಇಸ್ ಕೇ ಬಾದ್ ಖಲಾಸ್," ಎಂದರು ಆ ದಿನ. ಐತಪ್ಪ ಅವರ ಬಾಯಲ್ಲಿ ಐತಾಬ್ ಆಗಿತ್ತು. ಮೊಣಕಾಲು ಸಾಕಾಗಿತ್ತು, ಕಣ್ಣಿಗೆ ಪೊರೆ ಬರುತ್ತಿತ್ತು. ಕೊನೆಯದೊಂದು ಸಲ ಬೆಟ್ಟ ಹತ್ತಿ ಒಂದು ಕಾಡು ಟಗರಿಗೆ ಗುರಿ ಹಿಡಿಯುವ ಆಸೆ. ಜನವರಿಗೆ ಹೋಗುವುದೆಂದು ಎಲ್ಲ ಏರ್ಪಾಡಾಗಿತ್ತು. ಐತಪ್ಪಣ್ಣ ಆ ರೈಫಲನ್ನು ಮದುಮಗಳಂತೆ ಸಿಂಗರಿಸಿದರು. ಇಡೀ ಒಂದು ತಿಂಗಳು ಅಂಗಡಿಯಲ್ಲಿ ಅದೇ ಎಣ್ಣೆಯ ವಾಸನೆ.

ಡಿಸೆಂಬರಿನ ಕೊನೆಗೆ ಮಳೆ ಬಂತು. ಬಹರೈನಿನ ಮಳೆ ವರ್ಷಕ್ಕೆ ನಾಲ್ಕು ದಿನದ ನೆಂಟ, ಆದರೆ ಬಂದರೆ ಹೋಗಲು ದಾರಿ ಇಲ್ಲ. ಹೂರಾದ ಗಲ್ಲಿಗಳಲ್ಲಿ ಮೊಣಕಾಲುದ್ದ ನೀರು ನಿಂತಿತು, ಕಾರುಗಳು ದೋಣಿಯ ಹಾಗೆ ಅಲೆ ಎಬ್ಬಿಸುತ್ತ ಹೋಗುತ್ತಿದ್ದವು. ಅಂದು ಬೆಳಗ್ಗೆ ಐತಪ್ಪಣ್ಣ ವೀಸಾ ನವೀಕರಣದ ಮೆಡಿಕಲ್‌ಗೆ ಹೋಗಿದ್ದರು. ಹೋಗುವಾಗ, "ಅಬು ಯೂಸುಫರದ್ದು ನಾಲ್ಕು ಪೆಟ್ಟಿಗೆ ತೋಟೆ ತೆಗ್ದಿಡು. ಅಳತೆ ನೋಡಿ ಕಟ್ಟು. ಚೀಟಿಗೆ ನಾನು ಬಂದು ಬರೀತೇನೆ," ಎಂದಿದ್ದರು.

ಹನ್ನೊಂದು ಗಂಟೆಗೆ ಮುದುಕರ ಅಣ್ಣನ ಮಗ ಬಂದ. ನನ್ನದೇ ವಯಸ್ಸು, ಲಂಡನ್ನಿನಲ್ಲಿ ಓದಿದವನು, ಒದ್ದೆಯಾದ ಬಿಳಿ ಬೂಟಿನ ಸಿಟ್ಟೆಲ್ಲ ಮುಖದಲ್ಲಿತ್ತು. ಸಾಮಾನನ್ನೆಲ್ಲ ಎಣಿಸಿ ನೋಡಿ ಹೋಗಲು ಚಿಕ್ಕಪ್ಪ ಕಳಿಸಿದ್ದರಂತೆ. ನಾನು ನಾಲ್ಕು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟೆ. ಹಲಸಿನ ಪಟ್ಟಿಯನ್ನೂ ತೆಗೆದೆ. ಅವನು ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಇದೇನು, ನಿಮ್ಮ ಅಡುಗೆಮನೆಯ ಸೌಟೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನೀನು ಓದಿದವನ ಹಾಗೆ ಕಾಣುತ್ತೀ, ನಿನಗೆ ಪೆಟ್ಟಿಗೆಯ ಮೇಲಿನದು ಓದಲು ಬರುವುದಿಲ್ಲವೇ ಎಂದು ಸೇರಿಸಿದ. ನನ್ನ ಕಿವಿ ಬಿಸಿಯಾಯಿತು. ನಾನೂ ಇಂಗ್ಲಿಷಿನಲ್ಲೇ, ಇದು ಇಲ್ಲಿಯ ಹಳೇ ಕೆಲಸದವರೊಬ್ಬರ ಆಟಿಕೆ, ನಾವು ಉಪಯೋಗಿಸುವುದಿಲ್ಲ ಎಂದೆ. ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಮೇಜಿನ ಖಾನೆಗೆ ತುರುಕಿದೆ. ಪೆಟ್ಟಿಗೆಗಳ ಮೇಲಿನ ಅಂಕಿಯನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ, ಒಳ್ಳೆಯ ಉಚ್ಚಾರದಲ್ಲಿ ಓದಿದೆ. ನಾಲ್ಕೂ ಥರ್ಟಿ ನಾಟ್ ಸಿಕ್ಸ್. ನಾಲ್ಕನೆಯದರ ಮುಚ್ಚಳಕ್ಕೆ ಯಾರೋ ಪಾರದರ್ಶಕ ಟೇಪು ಅಂಟಿಸಿದ್ದರು. ಅದನ್ನು ಕಂಡೆ. ಕಂಡೂ ಬಿಚ್ಚಲಿಲ್ಲ. ಅವನು ಶಭಾಷ್ ಎಂಬಂತೆ ತಲೆಯಾಡಿಸಿ ನೀರಿಗೆ ಬೈಯುತ್ತ ಹೋದ. ಆ ತಲೆಯಾಟಕ್ಕೆ ನಾನು ಅರ್ಧ ದಿನ ಉಬ್ಬಿದ್ದೆ ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಐತಪ್ಪಣ್ಣ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಅಷ್ಟರಲ್ಲಿ ನಾನು ಕಟ್ಟಿ, ದಾರ ಸುತ್ತಿ, ಮೊಹರಿಗೆ ಸಿದ್ಧ ಮಾಡಿಟ್ಟಿದ್ದೆ. ಅವರು ಪೆನ್ನು ತೆಗೆದುಕೊಂಡು ಕೇಳಿದರು:

"ಅಳತೆ ನೋಡಿದ್ಯಾ?"

"ನೋಡಿದೆ."

"ನಾಲ್ಕೂ?"

"ನಾಲ್ಕೂ ನೋಡಿದೆ ಐತಪ್ಪಣ್ಣ."

ಅವರು 'ಐತಪ್ಪ' ಎಂದು ಬರೆದರು. ಕಟ್ಟು ಬಿಚ್ಚಿ ಇನ್ನೊಮ್ಮೆ ನೋಡಬಹುದಿತ್ತು. ಬೇರೆ ಯಾರ ಮಾತಿಗಾದರೂ ಬಿಚ್ಚುತ್ತಿದ್ದರು.

ಜನವರಿಯ ಮೂರನೆಯ ವಾರ ಸುದ್ದಿ ಬಂತು. ಮುದುಕರು ಮುಂಜಾವಿನ ಮಬ್ಬಿನಲ್ಲಿ, ಗಡಗಡ ಚಳಿಯಲ್ಲಿ, ಒಂದು ತೋಟೆಯನ್ನು ಕೈಯಿಂದಲೇ ನಳಿಗೆಗೆ ಇಟ್ಟು ಗುರಿ ಹಿಡಿದಿದ್ದಾರೆ. ನಮ್ಮ ಪಟ್ಟಿಯ ಲೆಕ್ಕದಲ್ಲಿ ಅದು ಹಂದಿ, ಕಡವೆಯಲ್ಲ. ಗಿಡ್ಡ ತೋಟೆ ಉದ್ದ ಮನೆಯಲ್ಲಿ ಸಡಿಲವಾಗಿ ಕೂತಿದೆ. ಕೋವಿಯ ಕುದುರೆ ಎಳೆದಾಗ ಕವಚ ಸೀಳಿ ಬೆಂಕಿಯ ಗಾಳಿ ಹಿಂದಕ್ಕೆ ನುಗ್ಗಿ ಮುಖಕ್ಕೆ ಹೊಡೆದಿದೆ. ಬಲಗಣ್ಣು ಹೋಯಿತು. ಟಗರು ಅಲ್ಲೇ ನಿಂತು ನೋಡಿ ಓಡಿತಂತೆ.

ಉಳಿದ ತೋಟೆಗಳು ಅಂಗಡಿಗೆ ವಾಪಸು ಬಂದವು. ಯಜಮಾನರ ಮುಂದೆ ಪೆಟ್ಟಿಗೆ ಬಿಚ್ಚಿದೆವು. ಟೇಪು ಅಂಟಿಸಿದ ನಾಲ್ಕನೆಯ ಪೆಟ್ಟಿಗೆಯ ಹೊರಗೆ ಥರ್ಟಿ ನಾಟ್ ಸಿಕ್ಸ್, ಒಳಗೆ ಪೂರ್ತಿ ಥ್ರೀ ನಾಟ್ ಎಯ್ಟ್. ಹಿಂದಿನ ವರ್ಷ ಯಾರೋ ಬೇಟೆ ಮುಗಿಸಿ ಬಂದವರು ಮಿಕ್ಕಿದ್ದನ್ನು ಕೈಗೆ ಸಿಕ್ಕಿದ ಖಾಲಿ ಪೆಟ್ಟಿಗೆಗೆ ಸುರಿದು ಒಪ್ಪಿಸಿದ್ದಿರಬೇಕು. ಮುಚ್ಚಳ ತೆಗೆದಿದ್ದರೆ ಪಟ್ಟಿಯೂ ಬೇಕಿರಲಿಲ್ಲ, ಕಣ್ಣಿಗೇ ಗೊತ್ತಾಗುತ್ತಿತ್ತು. ಇಂಗ್ಲಿಷ್ ಬಾರದವನು ಖಂಡಿತ ತೆಗೆಯುತ್ತಿದ್ದ. ಓದಲು ಬಂದದ್ದೇ ಮುದುಕರ ಕಣ್ಣಿಗೆ ಮುಳುವಾಯಿತು.

ಯಜಮಾನರು ಚೀಟಿಯನ್ನು ಮೇಜಿನ ಮೇಲಿಟ್ಟು, ಇದು ಯಾರ ಸಹಿ ಎಂದರು.

"ನನ್ನದು," ಎಂದರು ಐತಪ್ಪಣ್ಣ.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಒಂದು ಮಾರು ದೂರ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ಮೇ ತಿಂಗಳಿಗೆ ನನ್ನ ಮದುವೆ ನಿಶ್ಚಯವಾಗಿತ್ತು, ಹುಡುಗಿಯ ಮನೆಯವರು ಒಪ್ಪಿದ್ದೇ ಬಹರೈನಿನ ಕೆಲಸ ನೋಡಿ. ಹೇಳಿದರೆ ಮರುದಿನವೇ ವೀಸಾ ರದ್ದು. ಇದೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ನಾನು ಇದನ್ನೆಲ್ಲ ಯೋಚಿಸಿ ಸುಮ್ಮನಿದ್ದೆ ಎಂದರೆ ಅದೂ ಸುಳ್ಳು. ಸುಮ್ಮನಿರುವುದು ಸುಲಭವಾಗಿತ್ತು, ಸುಮ್ಮನಿದ್ದೆ.

ಹೊರಗೆ ಬಂದ ಮೇಲೆ ಐತಪ್ಪಣ್ಣ ನನ್ನನ್ನು ಉಕ್ಕಿನ ಕೋಣೆಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಅವರು ಮೆಲ್ಲಗೆ ಕೇಳಿದರು:

"ಸದಾಶಿವ, ಅಳತೆ ನೋಡಿದ್ದೆ ಅಲ್ವಾ?"

"ನೋಡಿದ್ದೆ ಐತಪ್ಪಣ್ಣ. ಕಡವೆಯಲ್ಲಿ ಸರಿಯಾಗಿ ಕೂತಿತ್ತು."

ಮೊದಲ ಸುಳ್ಳನ್ನು ಗಡಿಬಿಡಿಯಲ್ಲಿ ಹೇಳಿದ್ದು ಎನ್ನಬಹುದು. ಎರಡನೆಯದನ್ನು ಬೇಕೆಂದೇ ಹೇಳಿದೆ, ಕಡವೆಯನ್ನೂ ಸೇರಿಸಿ ಹೇಳಿದೆ. ಅವರು ನನ್ನನ್ನು ನಂಬಿದರು. ನನ್ನನ್ನು ನಂಬಿದ ಮೇಲೆ ಅವರಿಗೆ ಸಂಶಯಪಡಲು ಉಳಿದದ್ದು ಒಂದೇ ವಸ್ತು. ಪಟ್ಟಿಯನ್ನು ದೀಪದ ಕೆಳಗೆ ಹಿಡಿದು, ತೋಟೆ ಮಲಗಿಸಿ ನೋಡುವ ಧೈರ್ಯವಿಲ್ಲದವರ ಹಾಗೆ, ಕಡವೆಯ ತೋಡಿನೊಳಗೆ ಹೆಬ್ಬೆರಳನ್ನು ಹಿಂದೆ ಮುಂದೆ ಆಡಿಸುತ್ತ ಕೂತರು.

"ಸವೆದಿದೆ ಕಾಣ್ತದೆ," ಎಂದರು. "ಎಷ್ಟು ಸಾವಿರ ತೋಟೆ ಮಲಗಿಸಿದ್ದೇನೆ ಇದ್ರಲ್ಲಿ. ಹಲಸು ಅಂತ ನಂಬಿದೆ. ನನ್ನ ಬೆರಳೂ ಸತ್ತಿರ್ಬೇಕು ಮಾರಾಯ, ಗೊತ್ತೇ ಆಗ್ಲಿಲ್ಲ."

ಫೆಬ್ರವರಿಯ ಮೊದಲಿಗೆ ಅಬು ಯೂಸುಫ್ ತಾವೇ ಅಂಗಡಿಗೆ ಬಂದರು. ಕಣ್ಣಿಗೆ ಬಿಳಿ ಪಟ್ಟಿ, ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಯಾವಾಗಿನಂತೆ ಖರ್ಜೂರದ ಡಬ್ಬ. ಅದನ್ನು ಕಂಡು ಐತಪ್ಪಣ್ಣನ ಮುಖ ಕಪ್ಪಿಟ್ಟಿತು. ಮುದುಕರು ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡು ಕೇಳಿದರು:

"ಐತಾಬ್, ತುಮ್ ದೇಖಾ ಥಾ?" ನೀನು ನೋಡಿದ್ದೆಯಾ ಎಂದು.

"ದೇಖಾ ಥಾ, ಬಾಬಾ," ಎಂದರು ಐತಪ್ಪಣ್ಣ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ತೋ ಅಲ್ಲಾಹ್ ಕೀ ಮರ್ಜಿ," ಎಂದರು ಮುದುಕರು. ಡಬ್ಬವನ್ನು ಮೇಜಿನ ಮೇಲಿಟ್ಟು ಎದ್ದರು. ನಾನೇ ಬಾಗಿಲು ತೆರೆದು ಹಿಡಿದೆ. ನನ್ನ ಭುಜ ತಟ್ಟಿ, ಶುಕ್ರಾನ್, ಧನ್ಯವಾದ ಎಂದು ಹೋದರು.

ಮುದುಕರು ದೇವರ ಮೇಲೆ ಹಾಕಿದರು. ಆದರೆ ಯಜಮಾನರು ಪರವಾನಗಿ ಉಳಿಸಿಕೊಳ್ಳಬೇಕಿತ್ತು, ಇಲಾಖೆಗೆ ಒಂದು ಹೆಸರು ಕೊಡಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಐತಪ್ಪಣ್ಣನ ಹೆಸರು ಪರವಾನಗಿಯಿಂದ ಹೋಯಿತು, ಅದರ ಬೆನ್ನಿಗೇ ವೀಸಾ ಹೋಯಿತು. ಹತ್ತೊಂಬತ್ತು ವರ್ಷ ಒಂದೇ ವಾರದಲ್ಲಿ ಎರಡು ಪೆಟ್ಟಿಗೆಯಾಯಿತು. ಹಗ್ಗ ಬಿಗಿದು ಮೇಲೆ ಹೆಸರು ಬರೆದುಕೊಟ್ಟವನು ನಾನು, ಇಂಗ್ಲಿಷಿನಲ್ಲಿ.

ಹೊರಡುವ ದಿನ ಬೆಳಗ್ಗೆ ಧೂಳಿನ ಗಾಳಿ. ಮನಾಮದ ಕಟ್ಟಡಗಳೆಲ್ಲ ಹಳದಿಯಾಗಿ ಮಾಯವಾಗಿದ್ದವು. ಐತಪ್ಪಣ್ಣ ಚೀಲದಿಂದ ಪಟ್ಟಿ ತೆಗೆದು ನನಗೆ ಕೊಟ್ಟರು.

"ಇದನ್ನು ಒಡೆದು ಬಿಸಾಡು. ಕಸದ ಡಬ್ಬಿಗೆ ಹಾಗೇ ಹಾಕ್ಬೇಡ, ಯಾರಾದ್ರೂ ಎತ್ತಿಕೊಂಡು ಇನ್ನೊಬ್ಬರ ಕಣ್ಣು ತೆಗೆದಾರು." ಟ್ಯಾಕ್ಸಿ ಹತ್ತುವ ಮೊದಲು ಮತ್ತೆ ಹೇಳಿದರು, "ನೀನು ಹೆದರ್ಬೇಡ. ನಿನ್ನ ಹೆಸರು ನಾನು ಎಲ್ಲಿಯೂ ಎತ್ತಲಿಲ್ಲ. ನನ್ನ ಪಟ್ಟಿಯ ತಪ್ಪಿಗೆ ನೀನೆಂತ ಮಾಡ್ತಿ?"

ಮರುದಿನ ಉಕ್ಕಿನ ಕೋಣೆಯ ಬಾಗಿಲು ಹಾಕಿಕೊಂಡು ಪಟ್ಟಿಯನ್ನು ಪರೀಕ್ಷಿಸಿದೆ. ಕಡವೆಯ ತೋಡಿನಲ್ಲಿ ಕಡವೆಯನ್ನು ಮಲಗಿಸಿದೆ, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹಂದಿಯನ್ನು ಮಲಗಿಸಿದೆ, ಮುಂದೆ ಕಿರುಬೆರಳಗಲ ಜಾಗ ಉಳಿಯಿತು. ಕುರುಡನೂ ಹೇಳುತ್ತಿದ್ದ. ಪಟ್ಟಿಯನ್ನು ಒಡೆಯಲಿಲ್ಲ, ನನ್ನ ಟ್ರಂಕಿನ ಅಡಿಗೆ ಹಾಕಿದೆ. ಮಾರ್ಚ್‌ನಲ್ಲಿ ಪರವಾನಗಿಯಲ್ಲಿ ಐತಪ್ಪಣ್ಣನ ಜಾಗಕ್ಕೆ ನನ್ನ ಹೆಸರು ಬಂತು. ಮೇ ತಿಂಗಳಲ್ಲಿ ಮದುವೆಯಾಯಿತು. ಮದುವೆಗೆ ಐತಪ್ಪಣ್ಣ ಬಂದು ಊಟ ಬಡಿಸಲು ನಿಂತರು.

ಎರಡು ವರ್ಷದ ಮೇಲೆ ಯಜಮಾನರು ತೀರಿಕೊಂಡು ಅಂಗಡಿ ಮುಚ್ಚಿತು. ನಾನು ಸಿತ್ರಾದ ಒಂದು ಕಾರ್ಖಾನೆಯ ಸ್ಟೋರಿಗೆ ಸೇರಿದೆ. ಈಗ ಹಮದ್ ಟೌನಿನಲ್ಲಿ ಮನೆ, ಎರಡು ಮಕ್ಕಳು, ಅವರಿಗೆ ಕನ್ನಡ ಬೇಡ. ಒಂದು ರಜೆಯಲ್ಲಿ ಐತಪ್ಪಣ್ಣನ ಮನೆಗೆ ಹೋಗಿದ್ದೆ, ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅಂದು ಅವರ ಮನೆಗೆ ಹೊಸ ಕಿಟಕಿ ಕೂರಿಸುತ್ತಿದ್ದರು. ಬಡಗಿ, "ಐತಪ್ಪಣ್ಣ, ಸ್ವಲ್ಪ ಮಟ್ಟ ನೋಡಿ," ಎಂದ. ಇವರು ಜಗಲಿಯಿಂದ ಏಳಲಿಲ್ಲ. "ನನ್ನ ಅಳತೆ ಬೇಡ ಮಾರಾಯ, ನೀನೇ ನೋಡು," ಎಂದರು. ಅವರ ಹೆಂಡತಿ ಲಕ್ಷ್ಮಕ್ಕ ನನ್ನನ್ನು ಒಳಗೆ ಕರೆದು ತಟ್ಟೆಗೆ ನೀರುದೋಸೆ ಹಾಕುತ್ತ ಹೇಳಿದರು, "ಬಹರೈನಿಂದ ಬಂದ ಮೇಲೆ ಒಂದು ಮೊಳೆ ಸಹ ಹೊಡೀಲಿಲ್ಲ ಇವ್ರು. ಊರಿನವ್ರು ಕೋವಿ ತಂದ್ರೆ ವಾಪಸು ಕಳಿಸ್ತಾರೆ. ಕೈ ಸರಿ ಉಂಟು, ಎಂತಾಗಿದೆ ಗೊತ್ತಿಲ್ಲ." ಕೇಳುತ್ತ ದೋಸೆ ನುಂಗಿದೆ. ಇನ್ನೂ ಎರಡು ಹಾಕಿಸಿಕೊಂಡೆ. ಒಂದು ಸೆಂಟಿನ ಬಾಟಲಿ ಕೊಟ್ಟು ಬಂದೆ.

ಕಳೆದ ಶುಕ್ರವಾರ ಆ ಎಣ್ಣೆಯ ವಾಸನೆ ಹಿಡಿದುಕೊಂಡೇ ಮನೆಗೆ ಬಂದೆ. ಟ್ರಂಕು ತೆಗೆದೆ. ಪಟ್ಟಿ ಹಾಗೆಯೇ ಇತ್ತು, ಹಲಸು ಕಪ್ಪಗಾಗಿ ಹೊಳೆಯುತ್ತಿತ್ತು. ಹೆಂಡತಿ ಮಕ್ಕಳು ಹೊರಗೆ ಹೋಗಿದ್ದರು. ಐತಪ್ಪಣ್ಣನ ಮಗಳ ನಂಬರಿಗೆ ಫೋನು ಮಾಡಿದೆ, ಅವಳು ಅಪ್ಪನ ಕೈಗೆ ಕೊಟ್ಟಳು. ಊರಿನ ಮಳೆ, ನನ್ನ ಮಕ್ಕಳ ಕ್ಲಾಸು, ಅವರ ಸಕ್ಕರೆ ಕಾಯಿಲೆ ಎಲ್ಲ ಆಯಿತು. ಆಮೇಲೆ ಹೇಳಿದೆ:

"ಐತಪ್ಪಣ್ಣ, ಆ ದಿನ ನಾನು ಅಳತೆ ನೋಡಿರ್ಲಿಲ್ಲ."

"ಯಾವ ದಿನ?"

"ಅಬು ಯೂಸುಫರ ತೋಟೆ ಕಟ್ಟಿದ ದಿನ. ಪೆಟ್ಟಿಗೆ ಬಿಚ್ಚಲೇ ಇಲ್ಲ. ನಿಮ್ಮ ಹತ್ರ ಸುಳ್ಳು ಹೇಳಿದೆ. ಎರಡು ಸಲ ಹೇಳಿದೆ."

ಆ ಕಡೆ ಟಿ.ವಿ. ಸದ್ದು ಮಾಡುತ್ತಿತ್ತು. ಅದನ್ನು ನಿಲ್ಲಿ‌ಸು ಎಂದು ಅವರು ಯಾರಿಗೋ ಹೇಳಿದರು. ಸದ್ದು ನಿಂತಿತು. ಬೈಗುಳಕ್ಕೆ ನಾನು ತಯಾರಾಗಿದ್ದೆ, ಅಳುವಿಗೂ ತಯಾರಾಗಿದ್ದೆ, ನಿಜ ಹೇಳಬೇಕೆಂದರೆ ಹೋಗಲಿ ಬಿಡು ಮಾರಾಯ ಎಂಬ ಮಾತಿಗೆ ಎಲ್ಲಕ್ಕಿಂತ ಹೆಚ್ಚು ತಯಾರಾಗಿದ್ದೆ.

"ಹಾಗಾದ್ರೆ ಪಟ್ಟಿ ಸವೆದಿರ್ಲಿಲ್ಲ," ಎಂದರು.

"ಇಲ್ಲ ಐತಪ್ಪಣ್ಣ. ಈಗ್ಲೂ ಸರಿ ಉಂಟು. ನಾನು ಬಿಸಾಡ್ಲಿಲ್ಲ, ನನ್ನ ಹತ್ರವೇ ಉಂಟು."

"ಸರಿ ಉಂಟು ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ನೀವು ಹೋದ ಮರುದಿನ."

ಹನ್ನೊಂದು ವರ್ಷದಲ್ಲಿ ಹೊಡೆಯದೆ ಬಿಟ್ಟ ಮೊಳೆಗಳನ್ನೆಲ್ಲ ಎಣಿಸುತ್ತಿದ್ದಾರೆ ಅನ್ನಿಸಿತು. ನನಗೆ ತಡೆಯಲಾಗಲಿಲ್ಲ.

"ಏಪ್ರಿಲಿಗೆ ಊರಿಗೆ ಬರ್ತೇನೆ ಐತಪ್ಪಣ್ಣ. ಪಟ್ಟಿ ನಾನೇ ತಂದ್ಕೊಡ್ತೇನೆ."

"ಊರಿಗೆ ಬರುವವರು ಯಾರಾದ್ರೂ ಇದ್ರೆ ಅವರ ಕೈಯಲ್ಲಿ ಕಳಿಸು," ಎಂದರು ಅವರು. "ನೀನು ತರ್ಬೇಡ."